ಚಿಕ್ಕಪ್ಪನ ಮಗನ ಹೊಸ ಮನೆ ಮತ್ತು ‘ಸಾಕು’ ಎಂಬ ಮಾತು

ಪ್ರಶ್ನೆ: ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ 9,000 ರೂಪಾಯಿ ಬಾಡಿಗೆಯ ಮನೆಯಲ್ಲಿದ್ದೇನೆ. ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಕೈಗೆ ಬರುವ ಸಂಬಳ ತಿಂಗಳಿಗೆ 42,000 ರೂಪಾಯಿ. ಹೆಂಡತಿ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ, ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ಮುತ್ತಜ್ಜನ ಕಾಲದಿಂದಲೂ ನಮ್ಮದು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಸಭೆಗೆ ಸೇರಿದ ಕುಟುಂಬ. ನನ್ನೊಂದಿಗೆ ಒಂದೇ ಮನೆಯಲ್ಲಿ ಬೆಳೆದ ಚಿಕ್ಕಪ್ಪನ ಮಗ ಈಗ ನವನಗರದಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದ್ದಾನೆ. ಆ ಮನೆಯ ಪ್ರಾರ್ಥನೆಗೆ ನಾನು ಹೋಗಲಿಲ್ಲ. ಒಂದು ಕೂಟದಲ್ಲಿ ಬೋಧಕರು, ನಂಬಿಕೆಯುಳ್ಳವನಿಗೆ ಕೊರತೆ ಇರಬಾರದು, ಇದ್ದರೆ ಅದು ನಂಬಿಕೆಯದೇ ಕೊರತೆ ಎಂದರು. ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಇದ್ದುದರಲ್ಲಿ ತೃಪ್ತನಾಗಿರು ಎನ್ನುತ್ತಾರೆ. ಸೈಟು ಕೊಳ್ಳಲು ಬ್ಯಾಂಕಿನವರು 25 ಲಕ್ಷ ಸಾಲ ಕೊಡಲು ಸಿದ್ಧರಿದ್ದಾರೆ. ರಾತ್ರಿ ನಿದ್ದೆ ಬರುತ್ತಿಲ್ಲ. ನಾನು ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಸಂಬಳ, ಸಾಲ, ಬೋಧಕರ ಮಾತು, ಅಯ್ಯನವರ ಮಾತು ಎಲ್ಲವನ್ನೂ ವಿವರವಾಗಿ ಬರೆದಿರುವ ನೀವು, ಹೊಸ ಮನೆಯ ಪ್ರಾರ್ಥನೆಗೆ ಹೋಗದೆ ಉಳಿದದ್ದನ್ನು ಮಾತ್ರ ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅನೇಕ ವರ್ಷ ಸತ್ಯವೇದವನ್ನು (ಬೈಬಲನ್ನು) ಕಲಿಸುತ್ತ, ಜನರ ಮನೆಗಳಲ್ಲಿ ಕುಳಿತು ಅವರ ಮಾತು ಕೇಳುತ್ತ ಬಂದ ನನಗೆ ಅನಿಸುವುದು, ನಿಮ್ಮ ನಿದ್ದೆಯನ್ನು ಕೆಡಿಸಿರುವುದು ಆ ಒಂದು ವಾಕ್ಯವೇ. ಅಲ್ಲಿಗೆ ಬರುವ ಮೊದಲು ಉಳಿದ ಪ್ರಶ್ನೆಗಳನ್ನು ಸರಿಯಾಗಿ ಬಿಡಿಸಿಕೊಳ್ಳಬೇಕಾಗಿದೆ, ಏಕೆಂದರೆ ನಿಮಗೆ ದೊರೆತ ಎರಡು ಉಪದೇಶಗಳಲ್ಲಿ ಒಂದು ತಪ್ಪು, ಇನ್ನೊಂದು ಅರ್ಧ.

ತೃಪ್ತಿಯ ಮಾತು ಬಂದಾಗ ಕ್ರೈಸ್ತರು ತೆರೆಯುವ ಪುಟ, ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರುವುದನ್ನು ಕಲಿತುಕೊಂಡಿದ್ದೇನೆ, ಹೊಟ್ಟೆ ತುಂಬಿರುವಾಗ ಹೇಗಿರಬೇಕು, ಹಸಿದಿರುವಾಗ ಹೇಗಿರಬೇಕು ಎಂಬ ಗುಟ್ಟು ನನಗೆ ತಿಳಿದಿದೆ ಎಂದು ಅವನು ಅಲ್ಲಿ ಹೇಳುತ್ತಾನೆ. ಈ ಮಾತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಓದಿದರೆ, ಯಾವ ಚಿಂತೆಯೂ ಇಲ್ಲದ ಒಬ್ಬ ಮಹಾತ್ಮನು ಶಾಂತವಾದ ಕೋಣೆಯಲ್ಲಿ ಕುಳಿತು ಬರೆದಂತೆ ತೋರುತ್ತದೆ. ಅವನು ಬರೆದದ್ದು ಸೆರೆಯಲ್ಲಿದ್ದಾಗ, ಮತ್ತು ಬರೆದ ಕಾರಣ ಹಣಕ್ಕೆ ಸಂಬಂಧಿಸಿದ್ದು. ಫಿಲಿಪ್ಪಿಯವರು ಎಪಫ್ರೊದೀತನೆಂಬವನ ಕೈಯಲ್ಲಿ ಅವನಿಗೆ ನೆರವು ಕಳುಹಿಸಿದ್ದರು. ಅದು ಕೈಸೇರಿತು ಎಂದು ತಿಳಿಸುವ, ಅದಕ್ಕಾಗಿ ಕೃತಜ್ಞತೆ ಹೇಳುವ ಸಾಲುಗಳ ನಡುವೆಯೇ ತೃಪ್ತಿಯ ಈ ಪ್ರಸಿದ್ಧ ಮಾತು ಬರುತ್ತದೆ. ಕೊರತೆಯಲ್ಲಿದ್ದೇನೆಂದು ಹೇಳುತ್ತಿಲ್ಲ ಎನ್ನುವವನೇ ಮರುಗಳಿಗೆಯಲ್ಲಿ, ಆದರೂ ನನ್ನ ಕಷ್ಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎನ್ನುತ್ತಾನೆ. ತೃಪ್ತಿಯು ಅವನನ್ನು ಯಾರ ಹಂಗೂ ಬೇಡವೆನ್ನುವ ಮನುಷ್ಯನನ್ನಾಗಿ ಮಾಡಿರಲಿಲ್ಲ. ಸಂಕೋಚವಿಲ್ಲದೆ ತೆಗೆದುಕೊಳ್ಳಬಲ್ಲ, ಲೆಕ್ಕವಿಡದೆ ಕೊಡಬಲ್ಲ ಮನುಷ್ಯನನ್ನಾಗಿ ಮಾಡಿತ್ತು.

ಅಲ್ಲಿ ಪೌಲನು ಬಳಸಿದ ಗ್ರೀಕ್ ಪದ ‘ಔತಾರ್ಕೇಸ್’. ಆ ಕಾಲದ ಸ್ಟೋಯಿಕ್ ತತ್ತ್ವಜ್ಞಾನಿಗಳಿಗೆ ಅದು ಬಹಳ ಪ್ರಿಯವಾದ ಪದವಾಗಿತ್ತು. ತನಗೆ ತಾನೇ ಸಾಲುವವನು, ಹೊರಗಿನ ಯಾವುದರ ಮೇಲೂ ಅವಲಂಬಿಸದವನು ಎಂಬುದು ಅದರ ಅರ್ಥ. ಪೌಲನು ಆ ಪದವನ್ನು ಎತ್ತಿಕೊಂಡು ಒಳಗಿನ ತಿರುಳನ್ನೇ ಬದಲಾಯಿಸಿದ. ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಮುಂದಿನ ವಾಕ್ಯದಲ್ಲಿ ಹೇಳುವಾಗ, ಸಾಲುವಿಕೆಯ ಮೂಲ ತಾನಲ್ಲ, ಇನ್ನೊಬ್ಬನು ಎಂದು ಸ್ಪಷ್ಟಪಡಿಸುತ್ತಾನೆ. ಪರೀಕ್ಷೆಗೆ ಹೋಗುವ ಮಕ್ಕಳಿಗೂ ಹೊಸ ಅಂಗಡಿಯ ಗೋಡೆಗೂ ನಾವು ಈ ವಚನವನ್ನು ಬರೆದುಕೊಡುತ್ತೇವೆ. ಆದರೆ ಅಲ್ಲಿಯ ‘ಎಲ್ಲ’ ಎಂಬುದು ಗೆಲುವಿನ ಪಟ್ಟಿಯಲ್ಲ, ಹಸಿದಿರುವುದು ಮತ್ತು ಹೊಟ್ಟೆ ತುಂಬಿರುವುದು ಎರಡನ್ನೂ ಸೇರಿಸಿದ ಮಾತು. ‘ಕಲಿತುಕೊಂಡಿದ್ದೇನೆ’ ಎಂಬ ಕ್ರಿಯಾಪದವನ್ನೂ ದಯವಿಟ್ಟು ಗಮನಿಸಿರಿ. ಪೌಲನಂಥವನೂ ಕಲಿಯಬೇಕಾಯಿತು. ನಿಮಗೆ ಅದು ಇನ್ನೂ ಬಂದಿಲ್ಲವೆಂದರೆ ನೀವು ಅವಿಶ್ವಾಸಿಯೆಂದು ಅರ್ಥವಲ್ಲ, ಪಾಠ ಇನ್ನೂ ಮುಗಿದಿಲ್ಲವೆಂದು ಅರ್ಥ.

ಕನ್ನಡದಲ್ಲಿ ‘ಸಾಕು’ ಎಂಬ ರೂಪಕ್ಕೆ ಎರಡು ಅರ್ಥಗಳಿವೆ. ತಟ್ಟೆಯ ಮೇಲೆ ಕೈಯೊಡ್ಡಿ ಸಾಕು ಎನ್ನುತ್ತೇವೆ. ಮಗುವನ್ನು ಸಾಕು, ಸಾಕುತಾಯಿ ಎಂದೂ ಹೇಳುತ್ತೇವೆ. ಎರಡಕ್ಕೂ ಬೇರು ಒಂದೇ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಆದರೆ ಇಬ್ರಿಯರಿಗೆ ಬರೆದ ಪತ್ರದ ಹದಿಮೂರನೆಯ ಅಧ್ಯಾಯದ ಐದನೆಯ ವಚನವನ್ನು ಓದುವಾಗಲೆಲ್ಲ ನನಗೆ ಈ ಎರಡು ‘ಸಾಕು’ಗಳು ಒಟ್ಟಿಗೆ ಕೇಳಿಸುತ್ತವೆ. ದ್ರವ್ಯಾಶೆಯಿಲ್ಲದವರಾಗಿರಿ, ಇರುವುದರಲ್ಲಿ ತೃಪ್ತರಾಗಿರಿ ಎಂದು ಹೇಳಿದ ಆ ಲೇಖಕನು ಮನಸ್ಸನ್ನು ಬಿಗಿಹಿಡಿಯಿರಿ ಎಂದು ಕಾರಣ ಕೊಡುವುದಿಲ್ಲ. ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲವೆಂದು ದೇವರು ಹೇಳಿದ್ದಾನಲ್ಲ ಎಂದು ಕಾರಣ ಕೊಡುತ್ತಾನೆ. ಸಾಕುವವನೊಬ್ಬನಿದ್ದಾನೆಂಬ ಭರವಸೆಯಿದ್ದಲ್ಲಿ ಸಾಕು ಎನ್ನುವ ಮಾತು ಬಾಯಿಗೆ ಬರುತ್ತದೆ. ಆ ಭರವಸೆಯಿಲ್ಲದೆ ತೃಪ್ತನಾಗಿರು ಎಂದು ಮನಸ್ಸಿಗೆ ಆಜ್ಞೆ ಮಾಡಿದರೆ ಅದು ಹಲ್ಲು ಕಚ್ಚಿ ಸಹಿಸುವುದಾಗುತ್ತದೆಯೇ ಹೊರತು ತೃಪ್ತಿಯಾಗುವುದಿಲ್ಲ.

ಈಗ ಬೋಧಕರ ಮಾತಿಗೆ ಬರುತ್ತೇನೆ. ಅದು ತಪ್ಪು ಉಪದೇಶವೆಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಕೊರತೆಯು ನಂಬಿಕೆಯ ಕೊರತೆಯಾಗಿದ್ದರೆ, ತಾನು ಹಸಿವು, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದಿರುವಿಕೆಗಳನ್ನು ಅನುಭವಿಸಿದೆನೆಂದು ಕೊರಿಂಥದವರಿಗೆ ಬರೆದ ಪೌಲನಿಗೇ ನಂಬಿಕೆ ಇರಲಿಲ್ಲವೆನ್ನಬೇಕಾಗುತ್ತದೆ. ನಿಮ್ಮ ಮುತ್ತಜ್ಜನ ಸಭೆಯ ಮೊದಲ ತಲೆಮಾರನ್ನೂ ನೆನೆಯಿರಿ. ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆನಿಂತರು. ಆ ದಿನಗಳಲ್ಲಿ ದೀಕ್ಷಾಸ್ನಾನ ಪಡೆದ ಅನೇಕರು ಮನೆ, ಕಸಬು, ಬಂಧುಬಳಗ ಎಲ್ಲವನ್ನೂ ಕಳೆದುಕೊಂಡರು. ಮತ ಬದಲಿಸಿದವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ತಪ್ಪಬಾರದೆಂಬ ಕಾಯ್ದೆ ಬಂದದ್ದೇ 1850ರಲ್ಲಿ. ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದ್ದಕ್ಕೆ, ಹೀಗೆ ಜೀವನೋಪಾಯ ಕಳೆದುಕೊಂಡವರಿಗೆ ದುಡಿಮೆ ಒದಗಿಸಬೇಕಾದದ್ದು ಒಂದು ಮುಖ್ಯ ಕಾರಣ. ನಂಬಿದ್ದರಿಂದಲೇ ಕೊರತೆಗೆ ಬಿದ್ದವರ ಮೊಮ್ಮಕ್ಕಳಿಗೆ, ಕೊರತೆಯಿದ್ದರೆ ನಂಬಿಕೆಯಿಲ್ಲ ಎಂದು ಬೋಧಿಸುವುದು ಆ ಹಿರಿಯರಿಗೆ ಮಾಡುವ ಅನ್ಯಾಯ.

ಇಂಥ ಕೂಟಗಳಲ್ಲಿ ಸಾಮಾನ್ಯವಾಗಿ ಎತ್ತಿಕೊಳ್ಳುವ ವಚನ ಪ್ರವಾದಿ ಮಲಾಕಿಯ ಗ್ರಂಥದ ಮೂರನೆಯ ಅಧ್ಯಾಯದ್ದು: ದಶಮಾಂಶವನ್ನು, ಅಂದರೆ ಆದಾಯದ ಹತ್ತರಲ್ಲೊಂದು ಪಾಲನ್ನು ತನ್ನಿರಿ, ಪರಲೋಕದ ದ್ವಾರಗಳನ್ನು ತೆರೆದು ಆಶೀರ್ವಾದ ಸುರಿಸುವೆನೋ ಇಲ್ಲವೋ ನೋಡಿರಿ ಎಂಬ ಮಾತು. ಅದೇ ಅಧ್ಯಾಯದಲ್ಲಿ ಕೆಲವೇ ವಚನಗಳ ಹಿಂದೆ, ಕೂಲಿಯವನ ಕೂಲಿಯಲ್ಲಿ ಮೋಸಮಾಡುವವರ, ವಿಧವೆಯನ್ನೂ ಅನಾಥನನ್ನೂ ಪರದೇಶಿಯನ್ನೂ ಹಿಂಸಿಸುವವರ ವಿರುದ್ಧ ದೇವರು ಸಾಕ್ಷಿಯಾಗಿ ನಿಲ್ಲುತ್ತಾನೆಂದು ಬರೆದಿದೆ. ಆ ವಚನವನ್ನು ನಿಮ್ಮ ಬೋಧಕರು ಓದಿದರೇ? ಹಾಗೆಯೇ, ಹೇರಳವಾಗಿ ಬಿತ್ತುವವನು ಹೇರಳವಾಗಿ ಕೊಯ್ಯುವನು ಎಂಬ ಪೌಲನ ಮಾತು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಎತ್ತಿದ ಕಾಣಿಕೆಯ ಸಂದರ್ಭದ್ದು. ಅದರ ಹಿಂದಿನ ಅಧ್ಯಾಯದಲ್ಲಿ ಅವನು ಮಾದರಿಯಾಗಿ ತೋರಿಸುವುದು ಮಕೆದೋನ್ಯದ ಸಭೆಗಳನ್ನು, ಅಂದರೆ ಫಿಲಿಪ್ಪಿಯವರನ್ನೂ ಒಳಗೊಂಡ, ಕಡುಬಡತನದಲ್ಲಿಯೂ ಉದಾರವಾಗಿ ಕೊಟ್ಟ ಜನರನ್ನು. ಕೊಟ್ಟ ಮೇಲೆ ಅವರು ಶ್ರೀಮಂತರಾದರೆಂದು ಅವನು ಎಲ್ಲಿಯೂ ಬರೆದಿಲ್ಲ.

ನಿಮ್ಮ ಅಯ್ಯನವರ ಮಾತು ಸತ್ಯವೇದದ್ದೇ. ಆದರೆ ಅದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದರ ಮೇಲೆ ಅದರ ಅರ್ಥ ನಿಲ್ಲುತ್ತದೆ. ಲೂಕನ ಮೂರನೆಯ ಅಧ್ಯಾಯದಲ್ಲಿ ಸ್ನಾನಿಕನಾದ ಯೋಹಾನನು, ನಿಮಗೆ ಬರುವ ಸಂಬಳವೇ ಸಾಕೆಂದಿರಿ ಎಂದು ಹೇಳುವುದು ಸಿಪಾಯಿಗಳಿಗೆ. ಕೈಯಲ್ಲಿ ಆಯುಧವಿದ್ದವರಿಗೆ, ಬೆದರಿಸಿ ಹಣ ಕಿತ್ತುಕೊಳ್ಳುವ ಶಕ್ತಿಯಿದ್ದವರಿಗೆ, ಯಾರಿಂದಲೂ ಬಲಾತ್ಕಾರದಿಂದ ತೆಗೆದುಕೊಳ್ಳಬೇಡಿರಿ ಎಂಬ ಆಜ್ಞೆಯ ಬೆನ್ನಿಗೇ ಆ ಮಾತು ಬರುತ್ತದೆ. ಹೊಲದ ಕೂಲಿಯವರ ವಿಷಯದಲ್ಲಿ ಯಾಕೋಬನ ಪತ್ರದ ಧ್ವನಿಯೇ ಬೇರೆ: ನೀವು ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತಿದೆ ಎಂದು ಅವನು ಜಮೀನುದಾರರನ್ನು ಗದರಿಸುತ್ತಾನೆ, ಕೂಲಿಯವರಿಗೆ ತೃಪ್ತರಾಗಿರಿ ಎಂದು ಹೇಳುವುದಿಲ್ಲ. ಬೆಟಗೇರಿಯ ಮಗ್ಗದ ಮುಂದೆ ದಿನವಿಡೀ ಕುಳಿತು ಹೊಟ್ಟೆಗೆ ಸಾಲದಷ್ಟು ಮಜೂರಿ ಪಡೆಯುವವನಿಗೆ, ಬ್ಯಾಡಗಿಯಲ್ಲಿ ಬಿಸಿಲಿಗೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಗಳಿಗೆ ತೃಪ್ತಿಯ ಉಪದೇಶ ಮಾಡುವ ಅಧಿಕಾರ, ಅವರಿಗಿಂತ ಹೆಚ್ಚು ಉಂಡು ಮಲಗುವ ನನ್ನಂಥವನಿಗೆ ಇದೆಯೆಂದು ನಾನು ನಂಬುವುದಿಲ್ಲ. ನಿಮ್ಮ ಕೆಲಸಕ್ಕೆ ನ್ಯಾಯವಾದ ಸಂಬಳ ಸಿಗುತ್ತಿಲ್ಲವಾದರೆ ಹೆಚ್ಚಿಗೆ ಕೇಳಿರಿ, ಇನ್ನೂ ಒಳ್ಳೆಯ ಕೆಲಸ ಹುಡುಕಿರಿ. ಅದು ಅತೃಪ್ತಿಯಲ್ಲ.

ಹಾಗಾದರೆ ಆಸ್ತಿ ಮಾಡುವುದು ಪಾಪವೇ? ಅಲ್ಲ. ಫಿಲಿಪ್ಪಿಯಲ್ಲಿ ಪೌಲನ ಮಾತಿಗೆ ಮೊದಲು ಮನಸ್ಸು ತೆರೆದ ಲುದ್ಯಳು ಬೆಲೆಬಾಳುವ ಧೂಮ್ರವರ್ಣದ ವಸ್ತ್ರ ಮಾರುವ ವ್ಯಾಪಾರಿ. ಅಂಗಡಿ ಮುಚ್ಚೆಂದು ಅವಳಿಗೆ ಯಾರೂ ಹೇಳಲಿಲ್ಲ, ಅವಳ ಮನೆಯೇ ಅತಿಥಿಗಳ ತಂಗುದಾಣವಾಯಿತು. ಯೇಸು ಹೇಳಿದ ಐಶ್ವರ್ಯವಂತನ ಸಾಮ್ಯವೂ ಕಣಜದ ವಿರುದ್ಧದ ಕಥೆಯಲ್ಲ. ಆ ಕಥೆ ಹುಟ್ಟಿದ ಸಂದರ್ಭ ನಮ್ಮ ಕಡೆಯವರಿಗೆ ಬಹಳ ಪರಿಚಿತ: ಪಾಲು ಹಂಚಿಕೊಡಲು ನನ್ನ ಅಣ್ಣನಿಗೆ ಹೇಳು ಎಂದು ಒಬ್ಬನು ಬಂದು ಕೇಳುತ್ತಾನೆ. ಆಸ್ತಿ ಪಾಲಾಗುವ ವಾಟ್ನಿಯ ವ್ಯಾಜ್ಯದಲ್ಲಿ ನ್ಯಾಯಾಧೀಶನಾಗಲು ಒಪ್ಪದ ಯೇಸು ಈ ಕಥೆಯನ್ನು ಹೇಳುತ್ತಾನೆ. ಐಶ್ವರ್ಯವಂತನೊಬ್ಬನ ಭೂಮಿ ಚೆನ್ನಾಗಿ ಬೆಳೆಯಿತು, ಇದ್ದ ಕಣಜಗಳನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಲು ಅವನು ಯೋಚಿಸಿದ. ಆದರೆ ಆ ಮನುಷ್ಯನ ಬಾಯಲ್ಲಿ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಪ್ರಾಣ ಎಂಬುದರ ಹೊರತು ಇನ್ನೊಂದು ಮಾತಿಲ್ಲ. ಅವನು ಮಾತಾಡುವುದೂ ತನ್ನೊಡನೆಯೇ. ಇಲ್ಲಿಯ ಹಿರಿಯರು ನೆಲದೊಳಗಿನ ಹಗೇವಿನಲ್ಲಿ ಬಿಳಿಜೋಳ ತುಂಬಿಡುತ್ತಿದ್ದುದೂ ಕೂಡಿಡುವುದೇ, ಐಗುಪ್ತದಲ್ಲಿ ಯೋಸೇಫನು ಏಳು ವರ್ಷ ಬೆಳೆಯ ಐದರಲ್ಲೊಂದು ಪಾಲನ್ನು ಕೂಡಿಸಿಟ್ಟದ್ದೂ ಕೂಡಿಡುವುದೇ. ಯೋಸೇಫನ ಕಣಜಕ್ಕೆ ಬರಗಾಲದಲ್ಲಿ ತೆರೆಯುವ ಬಾಗಿಲಿತ್ತು. ಆ ಐಶ್ವರ್ಯವಂತನ ಕಣಜದ ಬಾಗಿಲು ಇನ್ನೊಬ್ಬರಿಗೆ ತೆರೆಯುವ ಪ್ರಸಂಗವೇ ಅವನ ಯೋಚನೆಯಲ್ಲಿ ಬರುವುದಿಲ್ಲ.

ನಿಮ್ಮ 25 ಲಕ್ಷದ ವಿಷಯವನ್ನು ಭಕ್ತಿಯ ಮಾತಿನಿಂದ ಮುಚ್ಚದೆ ಲೆಕ್ಕದಿಂದಲೇ ನೋಡೋಣ. ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತುಕೊಂಡು ಖರ್ಚಿನ ಲೆಕ್ಕ ಮಾಡುವುದಿಲ್ಲವೇ ಎಂದು ಯೇಸುವೇ ಕೇಳಿದ್ದಾನೆ, ಮತ್ತು ನೀವು ಲೆಕ್ಕ ಬಲ್ಲವರು. ಶೇಕಡಾ 9ರ ಬಡ್ಡಿಯಲ್ಲಿ 20 ವರ್ಷಕ್ಕೆ 25 ಲಕ್ಷ ತೆಗೆದರೆ ಕಂತು ತಿಂಗಳಿಗೆ ಸುಮಾರು 22,500 ರೂಪಾಯಿ. ಒಟ್ಟು ಕಟ್ಟುವುದು ಸುಮಾರು 54 ಲಕ್ಷ. ಸೈಟಿನ ಮೇಲೆ ಮನೆ ಏಳುವವರೆಗೆ ಬಾಡಿಗೆಯೂ ತಪ್ಪದು. 42,000ದಲ್ಲಿ ಕಂತು ಮತ್ತು ಬಾಡಿಗೆ ಕಳೆದರೆ ನಾಲ್ಕು ಜನರ ಊಟ, ಶಾಲೆ, ಔಷಧ ಎಲ್ಲಕ್ಕೂ 10,500 ರೂಪಾಯಿ ಮತ್ತು ನಿಮ್ಮ ಹೆಂಡತಿಯ ಹೊಲಿಗೆಯ ದುಡ್ಡು ಉಳಿಯುತ್ತದೆ. ಸಾಲಗಾರನು ಸಾಲ ಕೊಟ್ಟವನ ಸೇವಕ ಎಂಬ ಜ್ಞಾನೋಕ್ತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಅಂಕಿಗಳು ಬೇಕಿಲ್ಲ. ಈ ಸಾಲವನ್ನು ಈಗ ತೆಗೆಯಬೇಡಿರಿ ಎಂಬುದು ನನ್ನ ನೇರ ಅಭಿಪ್ರಾಯ. ಮುಂದೆ ಸಂಬಳ ಹೆಚ್ಚಿ, ಉಳಿತಾಯವೂ ಕೂಡಿ, ಚಿಕ್ಕದೊಂದು ಮನೆಯನ್ನು ಹಗುರವಾದ ಕಂತಿನಲ್ಲಿ ಕೊಳ್ಳುವಂತಾದರೆ ಸಂತೋಷದಿಂದ ಕೊಳ್ಳಿರಿ. ಸೆರೆಯಾಗಿ ಬಾಬೆಲಿಗೆ ಹೋದ ಜನರಿಗೂ ಪ್ರವಾದಿ ಯೆರೆಮೀಯನು, ಮನೆ ಕಟ್ಟಿ ವಾಸಮಾಡಿರಿ ಎಂದೇ ಬರೆದನು.

ತೃಪ್ತಿ ಕಲಿಯುವುದು ಹೇಗೆ ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಅದು ದಿನದ ಲೆಕ್ಕದಲ್ಲಿ ಕಲಿಯುವ ಪಾಠ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರಿಂದ ಸಿಕ್ಕ ಮನ್ನವೆಂಬ ಆಹಾರವು ದಿನಕ್ಕೆ ತಲೆಗೊಂದು ಓಮೆರ್ ಎಂಬ ಅಳತೆಯದು. ನಾಳೆಗೆಂದು ಉಳಿಸಿಕೊಂಡದ್ದು ಹುಳಬಿದ್ದು ನಾರಿತು, ಸಬ್ಬತ್ತೆಂಬ ವಿಶ್ರಾಂತಿದಿನದ ಮುನ್ನಾದಿನ ಇಮ್ಮಡಿ ಕೂಡಿಸಿದ್ದು ಮಾತ್ರ ಕೆಡಲಿಲ್ಲ. ಇದನ್ನು ಪಾಠ ಮಾಡುವಾಗ ನನಗೆ ಯಾವಾಗಲೂ ಕಲ್ಯಾಣದ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದೆ ಕಳುಹಿಸಿದವಳು ಅವಳು. ಎರಡೂ ಬೇರೆ ಬೇರೆ ಭಕ್ತಿಯ ಕಥೆಗಳು, ಅವನ್ನು ಒಂದೇ ಎಂದು ಕಲಸುವುದಿಲ್ಲ. ಆದರೆ ಇಂದಿನ ಅಳತೆ ಎಂಬುದೊಂದಿದೆ ಎಂದು ಆ ಹೆಣ್ಣುಮಗಳು ತಿಳಿದಿದ್ದಂತೆ ನಮ್ಮಲ್ಲಿ ಅನೇಕರು ತಿಳಿದಿಲ್ಲ, ಪ್ರತಿ ಭಾನುವಾರ ‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ದಯಪಾಲಿಸು’ ಎಂದು ಪ್ರಾರ್ಥಿಸುತ್ತಿದ್ದರೂ.

ಅಳತೆಯನ್ನು ಆದಾಯ ಹೆಚ್ಚುವ ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. 18ನೆಯ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಆಕ್ಸ್‌ಫರ್ಡಿನಲ್ಲಿದ್ದಾಗ ಅವನಿಗೆ ವರ್ಷಕ್ಕೆ 30 ಪೌಂಡು ಬರುತ್ತಿತ್ತು. 28ರಲ್ಲಿ ಬದುಕಿ 2ನ್ನು ಕೊಟ್ಟುಬಿಟ್ಟ. ಮರುವರ್ಷ 60 ಬಂದಾಗ, ಆಮೇಲೆ 90 ಬಂದಾಗ, 120 ಬಂದಾಗಲೂ ಅವನ ಖರ್ಚು 28ರಲ್ಲಿಯೇ ನಿಂತಿತು, ಉಳಿದದ್ದು ಬಡವರಿಗೆ ಹೋಯಿತು. ಹೆಂಡತಿ ಮಕ್ಕಳಿರುವ ನಿಮಗೆ ಅಷ್ಟು ಕಟ್ಟುನಿಟ್ಟು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಆದರೆ ಮುಂದಿನ ಸಲ ಸಂಬಳ ಹೆಚ್ಚುವ ಮೊದಲು ನೀವಿಬ್ಬರೂ ಕುಳಿತು, ಇಷ್ಟಾದರೆ ನಮಗೆ ಸಾಕು ಎಂದು ಒಂದು ಅಂಕಿಯನ್ನು ಕಾಗದದ ಮೇಲೆ ಬರೆದಿಡಿರಿ. ಹಾಗೆ ಬರೆದಿಡದವನ ‘ಸಾಕು’ ಪ್ರತಿ ವರ್ಷ ಸಂಬಳದ ಬೆನ್ನು ಹತ್ತಿ ಮುಂದೆ ಹೋಗುತ್ತಲೇ ಇರುತ್ತದೆ.

ಇನ್ನು, ಹೊಸ ಮನೆಯ ಪ್ರಾರ್ಥನೆಗೆ ಹೋಗಲಿಲ್ಲವೆಂಬ ಆ ಒಂದು ವಾಕ್ಯ. ದಶಾಜ್ಞೆಗಳಲ್ಲಿ ಕೊನೆಯದು, ನೆರೆಯವನದನ್ನು ಆಶಿಸಬೇಡ ಎಂಬುದು. ವಿಮೋಚನಕಾಂಡದಲ್ಲಿ ಆ ಪಟ್ಟಿ ಆರಂಭವಾಗುವುದೇ ನೆರೆಯವನ ಮನೆಯಿಂದ. ಧರ್ಮೋಪದೇಶಕಾಂಡದಲ್ಲಿ ಅದಕ್ಕೆ ಹೊಲವೂ ಸೇರಿದೆ. ದೂರದ ಕೋಟ್ಯಧೀಶನ ಅರಮನೆಯ ಮಾತು ಅಲ್ಲಿಲ್ಲ, ಏಕೆಂದರೆ ಅದು ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ನಮ್ಮ ನಿದ್ದೆ ಕೆಡುವುದು ನಮ್ಮ ಜೊತೆಗೇ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನ ಮನೆಯಿಂದ. ನಾನಿದನ್ನು ಬಲ್ಲೆ. ನನ್ನ ಜೊತೆಯಲ್ಲಿಯೇ ಕೆಲಸಕ್ಕೆ ಸೇರಿದ್ದ ಸ್ನೇಹಿತರೊಬ್ಬರು ಧಾರವಾಡದ ಸಪ್ತಾಪುರದಲ್ಲಿ ಮನೆ ಕಟ್ಟಿಸಿದಾಗ, ನಾನು ದಿನಾ ನಡೆದುಹೋಗುತ್ತಿದ್ದ ದಾರಿಯನ್ನೇ ಬಿಟ್ಟು ಬಳಸುದಾರಿ ಹಿಡಿದೆ. ತರಗತಿಯಲ್ಲಿ ಫಿಲಿಪ್ಪಿಯ ಪತ್ರವನ್ನು ಪಾಠ ಹೇಳುತ್ತಲೇ ಹನ್ನೊಂದು ತಿಂಗಳು ಆ ಬಳಸುದಾರಿಯಲ್ಲಿ ನಡೆದೆ. ಇದನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ. ಕೊನೆಗೆ ಅವರ ತಾಯಿ ಹಾಸಿಗೆ ಹಿಡಿದಿದ್ದಾರೆ, ಬಂದು ಪ್ರಾರ್ಥನೆ ಮಾಡಿರಿ ಎಂದು ಕರೆ ಬಂತು, ಹೋಗದಿರಲಾಗಲಿಲ್ಲ. ಒಳಗಿನ ಕೋಣೆಯಲ್ಲಿ ಆ ಮುದುಕಿಯ ಕೈ ಹಿಡಿದು ಕುಳಿತೆ, ಅಡುಗೆಮನೆಯ ನೆಲದ ಮೇಲೆ ಕುಳಿತು ರೊಟ್ಟಿ ತಿಂದೆ. ಅಂದಿನಿಂದ ಆ ಮನೆ ನನ್ನ ಸೋಲಿನ ಗುರುತಾಗಿ ಉಳಿಯಲಿಲ್ಲ. ನನಗೆ ಪ್ರಿಯರಾದ ಒಬ್ಬ ವೃದ್ಧೆ ಮಲಗಿರುವ ಮನೆಯಾಯಿತು. ಹೊಟ್ಟೆಕಿಚ್ಚು ಬದುಕಲು ದೂರ ಬೇಕು, ಹೊರಗೋಡೆ ಮಾತ್ರ ಕಾಣುವಷ್ಟು ದೂರ. ಸಂತೋಷಪಡುವವರ ಸಂಗಡ ಸಂತೋಷಪಡಿರಿ ಎಂದು ಪೌಲನು ರೋಮಾಪುರದವರಿಗೆ ಬರೆದದ್ದು ಶಿಷ್ಟಾಚಾರದ ಮಾತೆಂದು ನಾನು ಬಹಳ ಕಾಲ ತಿಳಿದಿದ್ದೆ, ಅದು ಚಿಕಿತ್ಸೆಯೆಂದು ಆ ದಿನ ತಿಳಿಯಿತು.

ಆದ್ದರಿಂದ ಬ್ಯಾಂಕಿಗೆ ಉತ್ತರ ಹೇಳುವ ಮೊದಲು ನವನಗರಕ್ಕೆ ಹೋಗಿರಿ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಿರಿ, ಅಂದು ಬರಲಾಗಲಿಲ್ಲವೆಂಬುದಕ್ಕೆ ಸುಳ್ಳು ಕಾರಣ ಹೇಳಬೇಡಿರಿ; ಬರಬೇಕಾಗಿತ್ತು, ಬರಲಿಲ್ಲ, ಕ್ಷಮಿಸು ಎಂದರೆ ಅಣ್ಣತಮ್ಮಂದಿರ ನಡುವೆ ಅಷ್ಟು ಸಾಕು. ಬರಿಗೈಯಲ್ಲಿ ಹೋಗಬೇಡಿರಿ, ನಿಮ್ಮ ಹೆಂಡತಿ ಹೊಲಿದ ಒಂದು ಪರದೆಯನ್ನೋ ಮೇಜಿನ ಬಟ್ಟೆಯನ್ನೋ ಒಯ್ಯಿರಿ. ಊಟಕ್ಕೆ ಕರೆದರೆ ಕುಳಿತುಕೊಳ್ಳಿರಿ. ಮನೆ ತೋರಿಸುತ್ತೇನೆಂದರೆ ಎರಡನೆಯ ಅಂತಸ್ತನ್ನೂ ನೋಡಿರಿ, ಆ ಮನೆಯಲ್ಲಿ ಬೆಳೆಯಲಿರುವ ಮಕ್ಕಳ ಹೆಸರು ಹೇಳಿ ನೀವೇ ಪ್ರಾರ್ಥನೆ ಮಾಡಿರಿ. ಪ್ರಾರ್ಥಿಸುವಾಗ ಮನಸ್ಸು ಒಪ್ಪದಿದ್ದರೂ ನಿಲ್ಲಿಸಬೇಡಿರಿ, ಹೇಳುತ್ತಿರುವ ಮಾತನ್ನು ಮುಗಿಸಿರಿ, ಮತ್ತು ಹೊರಡುವ ಮೊದಲು ಅವರನ್ನು ಕೇಶ್ವಾಪುರದ ನಿಮ್ಮ ಬಾಡಿಗೆ ಮನೆಗೆ ಊಟಕ್ಕೆ ಕರೆಯಿರಿ.